ನಷ್ಟರಹಿತ ಸಂಗೀತದ ವ್ರತಧಾರಿಗಳಿಗೆ

ಫ್ಲ್ಯಾಕ್ ವ್ರತಧಾರಿಗಳಾದ ಮಹನೀಯರೇ,

ಎಂಪಿ3 ಕೇಳಿಕೊಂಡೂ ನಾಚಿಕೆಯಿಲ್ಲದೆ ಬದುಕಿರುವ ಪಾಮರನೊಬ್ಬನ ಅರಿಕೆ ಇದು.

ನಿಮ್ಮ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು, ಒಂದು ಬಿಟ್ಟೂ ಕಳೆಯದ ಫ್ಲ್ಯಾಕ್ ಫೈಲುಗಳು ತುಂಬಿದ ಹಾರ್ಡ್‌ಡಿಸ್ಕಿನ ದರ್ಶನವಾಗುತ್ತದೆ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್. 128 ಕಿಲೋಬಿಟ್ಟಿನ ಎಂಪಿ3ಯಲ್ಲಿ ಹನ್ನೊಂದು ಪಾಲಿಗೆ ಹತ್ತು ಪಾಲು ಮಂಗಮಾಯ ಎನ್ನುತ್ತೀರಿ. ಲೆಕ್ಕ ಸರಿಯೇ. ಜರ್ಮನಿಯ ಎರ್ಲಾಂಗೆನ್‌ನಲ್ಲಿ ಫ್ರೌನ್‌ಹೋಫರ್ ಸಂಸ್ಥೆಯವರು ಮನುಷ್ಯನ ಕಿವಿಯ ದೌರ್ಬಲ್ಯವನ್ನು ನೆಚ್ಚಿಕೊಂಡೇ ಎಂಪಿ3ಯನ್ನು ಕಟ್ಟಿದ್ದು. ಜೋರಾದ ಸ್ವರದ ಮಗ್ಗುಲಲ್ಲಿ ಸಣ್ಣಗೆ ನುಡಿದದ್ದು ನಮಗೆ ಕೇಳಿಸುವುದಿಲ್ಲ, ಕೇಳಿಸದ್ದಕ್ಕೆ ಜಾಗವೇಕೆ ಎಂಬುದು ಅವರ ತರ್ಕ. ನಿಮ್ಮದು ಅಂಥ ಸಾಮಾನ್ಯ ಕಿವಿಯಲ್ಲ ಬಿಡಿ. ಆದರೂ ಅದೇ ಪರಿಶುದ್ಧ ಫೈಲನ್ನು ಬ್ಲೂಟೂತ್ ಇಯರ್‌ಫೋನಿಗೆ ಕಳಿಸಿ, ದಾರಿಯಲ್ಲಿ ಎಸ್‌ಬಿಸಿ ಎಂಬ ಕೋಡೆಕ್ ಅದನ್ನು ಮತ್ತೆ ಹಿಂಡಿ ಅರ್ಧಕ್ಕಿಂತ ಹೆಚ್ಚು ಎಸೆದ ಮೇಲೂ ನೀವು ಕಣ್ಣುಮುಚ್ಚಿ ತಲೆದೂಗುವುದನ್ನು ಕಂಡಾಗ ನನ್ನ ಭಕ್ತಿ ಇಮ್ಮಡಿಯಾಗುತ್ತದೆ.

ನಿಮ್ಮಲ್ಲಿ ಕೆಲವರು ಹಳೆಯ ಎಂಪಿ3ಗಳನ್ನೇ ಫ್ಲ್ಯಾಕ್‌ಗೆ ಪರಿವರ್ತಿಸುವ ಶುದ್ಧಿ ಸಂಸ್ಕಾರವನ್ನೂ ಮಾಡುತ್ತೀರಂತೆ. ಫೈಲು ಹಲವು ಪಟ್ಟು ಊದಿಕೊಳ್ಳುತ್ತದೆ, ಹೋದದ್ದು ಮಾತ್ರ ಹಿಂದಿರುಗುವುದಿಲ್ಲ. ಅಂಥ ಫೈಲಿನ ಸ್ಪೆಕ್ಟ್ರೋಗ್ರಾಂ, ಅಂದರೆ ಕಂಪನಗಳ ಚಿತ್ರ, ತೆಗೆದು ನೋಡಿ: ಮೂಲ 128 ಕಿಲೋಬಿಟ್ಟಿನದಾದರೆ ಸುಮಾರು 16,000 ಹರ್ಟ್ಸ್ ಆಚೆ ಎಲ್ಲ ಕಪ್ಪು, ಗೆರೆ ಎಳೆದು ಕತ್ತರಿಸಿದಷ್ಟು ನೇರ.

ಹಾಗೆಂದು ನಿಮ್ಮ ವ್ರತವೆಲ್ಲ ವ್ಯರ್ಥವೆನ್ನಲಾರೆ. ಎಂಪಿ3 ತನ್ನ ಎರಡೂ ತುದಿಗೆ ಚೂರು ಮೌನವನ್ನು ಅಂಟಿಸಿಕೊಳ್ಳುತ್ತದೆ. ವಿಲಂಬಿತ ಒಂದು ಟ್ರ್ಯಾಕು, ದ್ರುತ ಇನ್ನೊಂದು ಎಂದು ಕತ್ತರಿಸಿದ ಕಛೇರಿಯಲ್ಲಿ ಪ್ಲೇಯರು ಅದನ್ನು ಸರಿಪಡಿಸದಿದ್ದರೆ ತಂಬೂರಿ ಗಡಿ ದಾಟುವಾಗ ತಟ್ಟನೆ ಉಸಿರುಗಟ್ಟುತ್ತದೆ. ಬಿಟ್‌ರೇಟು ತೀರ ಇಳಿಸಿದರೆ ಖಂಜಿರದ ಪೆಟ್ಟು ಬೀಳುವ ಮುಂಚೆಯೇ ಅದರ ಮಸುಕು ಸದ್ದು ಕೇಳಿಸುತ್ತದೆ. ತಾಳದ ಲೆಕ್ಕವಿರುವವರಿಗೆ ಇದಕ್ಕಿಂತ ದೊಡ್ಡ ಕಿರಿಕಿರಿ ಬೇಡ. ಮುಖ್ಯವಾಗಿ, ಫ್ಲ್ಯಾಕ್‌ನಿಂದ ನಾಳೆ ಯಾವ ರೂಪಕ್ಕೆ ಬೇಕಾದರೂ ಇಳಿಸಬಹುದು, ಎಂಪಿ3ಯನ್ನು ಮತ್ತೆ ಹಿಂಡಿದಾಗಲೆಲ್ಲ ಇನ್ನಷ್ಟು ಸವೆಯುತ್ತದೆ. ಆದ್ದರಿಂದ ಮೂಲಪ್ರತಿ ಫ್ಲ್ಯಾಕ್‌ನಲ್ಲಿರಲಿ, ಬಸ್ಸಿನಲ್ಲಿ ಕೇಳಲು ಎಂಪಿ3 ಸಾಕು. ಇಷ್ಟಕ್ಕೆ ಎರಡು ಪಂಗಡ ಕಟ್ಟಿಕೊಂಡು ಜಗಳ ಯಾಕೆ, ನನಗಂತೂ ತಿಳಿಯದು.

ನನ್ನ ತಕರಾರು ನಿಮ್ಮ ಗಾಯಕಿ ಗೌಹರ್ ಜಾನ್ ಫೋಲ್ಡರಿನ ಬಗ್ಗೆ. 1902ರಲ್ಲಿ ಕಲ್ಕತ್ತೆಯಲ್ಲಿ ಆಕೆ ಹಾಡಿದ್ದು ಮೈಕಿಗಲ್ಲ, ತಗಡಿನ ಕೊಳವೆಗೆ. ಎತ್ತರದ ಕಂಪನಗಳು ಅದರೊಳಗೆ ಹೊಕ್ಕೇ ಇರಲಿಲ್ಲ. ಆ ಗ್ರಾಮಫೋನ್ ಪ್ಲೇಟುಗಳನ್ನು ನೀವು 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡಿದ್ದೀರಿ. ಅಂದರೆ 48,000 ಹರ್ಟ್ಸ್‌ವರೆಗಿನ ಗೀರುಸದ್ದು ಭದ್ರ. ಮನುಷ್ಯನ ಕಿವಿ 20,000ಕ್ಕೇ ಕೈಚೆಲ್ಲುತ್ತದೆ. ಬಾವಲಿಗಳು ನಿಮ್ಮನ್ನು ಹರಸಲಿ.

ಆಗ ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್‌ನಲ್ಲಿ. ಹಾಡಿದವರು ಯಾರೆಂದು ಅಲ್ಲಿಯವರಿಗೆ ಗೊತ್ತಾಗಲೆಂದು ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಕೂಗುತ್ತಿದ್ದಳು. ಮುಂದೆ ಮೈಸೂರು ಅರಮನೆಯ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ನಿಮ್ಮ ಡಿಸ್ಕಿನಲ್ಲಿ ಅವಳೀಗ ‘ಟ್ರ್ಯಾಕ್ 07, ಅನ್‌ನೋನ್ ಆರ್ಟಿಸ್ಟ್’. ಪಕ್ಕದ ಫೋಲ್ಡರಿನ ಕಛೇರಿಗಳಲ್ಲಿ ತಬಲಾ ಯಾರದು, ರಾಗ ಯಾವುದು, ಯಾವ ಇಸವಿ? ಎಲ್ಲ ಖಾಲಿ. ಫ್ಲ್ಯಾಕ್ ಫೈಲಿನೊಳಗೆ ಇದನ್ನೆಲ್ಲ ಕನ್ನಡದಲ್ಲೇ ಬರೆದಿಡಲು ಬೇಕಾದಷ್ಟು ಜಾಗವಿದೆ, ಅದು ತಿನ್ನುವುದು ಕೆಲವೇ ಬೈಟು. ಆ ವಿವರಗಳಿರುವ ಕ್ಯಾಸೆಟ್ಟಿನ ರಟ್ಟುಗಳನ್ನು ನೀವಿನ್ನೂ ಗುಜರಿಗೆ ಹಾಕಿಲ್ಲ ಎಂದುಕೊಂಡಿದ್ದೇನೆ. ಭಾನುವಾರ ಬಿಡುವಿದ್ದರೆ ಹೇಳಿ; ನೀವು ಓದಿ ಹೇಳಿ, ನಾನು ಟೈಪು ಮಾಡುತ್ತೇನೆ.

ಇಂತಿ,
320 ಕಿಲೋಬಿಟ್ಟಿನಲ್ಲೇ ತೃಪ್ತನಾದವ