ಕಾರ್ಡು ಬಿಟ್ಟ ಭಾವಮೈದ

ನನ್ನ ಭಾವಮೈದ ಕಾರ್ಡಿನ ಆಟ ಬಿಟ್ಟಿದ್ದಾನೆ. ನನ್ನ ಲೆಕ್ಕದಲ್ಲಿ ಇದು ಏಳನೆಯ ಸಲ. ಸಿಗರೇಟು ಬಿಟ್ಟವರನ್ನೂ ಸಕ್ಕರೆ ಬಿಟ್ಟವರನ್ನೂ ಕಂಡಿದ್ದೇನೆ. ಬಿಟ್ಟಷ್ಟು ದಿನವಾದರೂ ಅವರ ದುಡ್ಡು ಉಳಿಯುತ್ತದೆ. ಇವನದು ಹಾಗಲ್ಲ. ಆಡುವಾಗ ತಿಂಗಳಿಗೊಂದು ಪಾರ್ಸೆಲ್ ಬಂದರೆ, ಬಿಟ್ಟಾಗ ಎರಡು ಬರುತ್ತವೆ. "ಇದು ಆಡೋಕಲ್ಲ ಭಾವ, ಸುಮ್ನೆ ಇರ್ಲಿ ಅಂತ" ಎನ್ನುತ್ತಾನೆ.

ಕಾರ್ಡು ಎಂದ ತಕ್ಷಣ ಇಸ್ಪೀಟು ಎಂದುಕೊಳ್ಳಬೇಡಿ. ನಮ್ಮ ಮಾವನವರು ಹಾಗೆ ಅಂದುಕೊಂಡೇ ಮೋಸಹೋದರು. ಮಗ ಕೆಲಸಕ್ಕೆ ಸೇರಿದ ವರ್ಷ ಕಾರ್ಡಿನ ಡಬ್ಬಿ ಹಿಡಿದು ಮನೆಗೆ ಬಂದಾಗ, ಭಾನುವಾರದ ರಮ್ಮಿಗೆ ಕೊನೆಗೂ ಒಂದು ಕೈ ಸಿಕ್ಕಿತೆಂದು ಅವರಿಗೆ ಒಳಗೊಳಗೇ ಸಂತೋಷ.

"ಎಷ್ಟು ಎಲೆಯೋ?"

"ನೂರು, ಅಪ್ಪ."

"ಎರಡು ಕಟ್ಟಿಗೆ ನಾಲ್ಕು ಕಮ್ಮಿ. ಎಷ್ಟು ಕೊಟ್ಟೆ?"

"ಎಲ್ಲಾ ಸೇರಿ ಇಪ್ಪತ್ತೆಂಟು ಸಾವಿರ ಆಗಿರಬಹುದು."

ಮಾವ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. "ಇಪ್ಪತ್ತೆಂಟು ಅನ್ನೋ ಆಟ ನಾನೂ ಆಡಿದೀನಿ. ಇಪ್ಪತ್ತೆಂಟು ಸಾವಿರ ಅನ್ನೋ ಆಟ ಇವತ್ತೇ ಕೇಳಿದ್ದು."

ಆಟದ ಹೆಸರು ಮ್ಯಾಜಿಕ್: ದಿ ಗ್ಯಾದರಿಂಗ್. ಅಮೆರಿಕದಲ್ಲಿ ಗಣಿತದ ಪಿಎಚ್.ಡಿ. ಮಾಡುತ್ತಿದ್ದ ರಿಚರ್ಡ್ ಗಾರ್ಫೀಲ್ಡ್ ಎಂಬಾತ ಸಿಯಾಟಲ್ ಕಡೆಯ ವಿಝರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಪುಟ್ಟ ಕಂಪನಿಗೆ ಬೇರೊಂದು ಆಟ ಮಾರಲು ಹೋದನಂತೆ. ಅದನ್ನು ತಯಾರಿಸಲು ಕಂಪನಿಯಲ್ಲಿ ದುಡ್ಡಿಲ್ಲ. ಆಟಗಾರರ ಜಾತ್ರೆಗಳಲ್ಲಿ ಒಂದು ಆಟ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಆಡಿ ಮುಗಿಸುವಂಥ, ಕಡಿಮೆ ಖರ್ಚಿನ ಸಣ್ಣ ಆಟವಿದ್ದರೆ ಕೊಡಪ್ಪ ಎಂದರು. ಅವನು ಮಾಡಿಕೊಟ್ಟದ್ದು 1993ರಲ್ಲಿ ಮಾರುಕಟ್ಟೆಗೆ ಬಂತು. ಕಡಿಮೆ ಖರ್ಚು, ಸಣ್ಣ ಆಟ! ಈ ಎರಡು ಮಾತನ್ನು ಮಾತ್ರ ಭಾವಮೈದನ ಎದುರಿಗೆ ಎತ್ತಬೇಡಿ.

1999ರಲ್ಲಿ ಹ್ಯಾಸ್ಬ್ರೋ ಎಂಬ ದೊಡ್ಡ ಆಟಿಕೆ ಕಂಪನಿ ಆ ಪುಟ್ಟ ಕಂಪನಿಯನ್ನು ಕೊಂಡುಕೊಂಡಿತು. ಆಟ ಕೆಟ್ಟಿದ್ದೇ ಅಲ್ಲಿಂದ ಎಂಬುದು ಭಾವಮೈದನ ಖಚಿತ ಅಭಿಪ್ರಾಯ. "ಆ ಕಾಲದ ಮಜಾನೇ ಬೇರೆ ಭಾವ" ಎಂದು ನಿಟ್ಟುಸಿರು ಬಿಡುತ್ತಾನೆ. ಅವನು ಆಡಲು ಶುರುಮಾಡಿದ್ದು 2016ರಲ್ಲಿ.

ಆ ವರ್ಷ ಬಂದ ಸರಣಿಯ ಹೆಸರು ಕಾಲದೇಶ್. ಭಾರತದ ಕಡೆ ಕಣ್ಣಿಟ್ಟು ಕಟ್ಟಿದ ಲೋಕ. ಅಲ್ಲಿನ ನಾಯಕಿ ಚಂದ್ರ, ಅವಳ ಅಪ್ಪ ಕಿರಣ್. ಮುಂದೆ ಯಾರಿಗೋ ಆ ಲೋಕದ ಹೆಸರು ಸರಿಯಿಲ್ಲ ಅನ್ನಿಸಿ 2025ರಲ್ಲಿ ಅವಿಷ್ಕಾರ್ ಎಂದು ಮರುನಾಮಕರಣವೂ ಆಯಿತು. ಇವನು ಮರುಳಾಗಿದ್ದು ಆ ಹೆಸರುಗಳಿಗೆ. ಇವನ ಮೊದಲ ದೂರು ಹುಟ್ಟಿದ್ದೂ ಅಲ್ಲೇ. "ನಮ್ಮ ದೇಶ ನೋಡ್ಕೊಂಡು ಲೋಕ ಕಟ್ತಾರೆ ಭಾವ, ಆ ಲೋಕದ ಕಾರ್ಡು ನಮ್ಮ ದೇಶಕ್ಕೆ ಬರಬೇಕಾದ್ರೆ ಸುಂಕ ಕಟ್ಟಬೇಕು!"

ಈ ಆಟದಲ್ಲಿ ಕಾರ್ಡನ್ನು ಆರಿಸಿ ಕೊಳ್ಳುವ ಹಾಗಿಲ್ಲ. ಮುಚ್ಚಿದ ಪ್ಯಾಕ್ ಕೊಳ್ಳಬೇಕು. ಒಳಗೇನಿದೆ ಎನ್ನುವುದು ಹರಿದ ಮೇಲೆ ಗೊತ್ತಾಗುವ ಸಂಗತಿ. ಹೆಚ್ಚಿನವು ಕೆಲಸಕ್ಕೆ ಬಾರದವು, ಒಂದು ಅಪರೂಪದ್ದು. 2008ರಲ್ಲಿ ಅಪರೂಪಕ್ಕಿಂತ ಅಪರೂಪದ ಇನ್ನೊಂದು ದರ್ಜೆ ಮಾಡಿದರು, ಅದು ಸುಮಾರು ಎಂಟು ಪ್ಯಾಕಿಗೊಂದು. ಆರಿಸಿಯೇ ಕೊಳ್ಳುತ್ತೇನೆ ಎನ್ನುವವರು, ಬೇರೆಯವರು ಹರಿದ ಪ್ಯಾಕಿನಿಂದ ಬಂದದ್ದನ್ನು ಬಿಡಿಯಾಗಿ, ಅವರು ಹೇಳಿದ ಬೆಲೆಗೆ ಕೊಳ್ಳಬೇಕು. ನಮ್ಮ ರಾಜ್ಯದಲ್ಲಿ ಲಾಟರಿ 2007ರಲ್ಲೇ ನಿಂತುಹೋಯಿತು. ಭಾವಮೈದನ ರೂಮಿನಲ್ಲಿ ಇನ್ನೂ ನಿಂತಿಲ್ಲ.

2024ರಲ್ಲಿ ಹೊಸ ಬಗೆಯ ಪ್ಯಾಕ್ ತಂದು ಹದಿನೈದು ಕಾರ್ಡಿದ್ದದ್ದನ್ನು ಹದಿನಾಲ್ಕು ಮಾಡಿದರು. ಆ ರಾತ್ರಿ ಅವನು ಫೋನು ಮಾಡಿ ಮುಕ್ಕಾಲು ಗಂಟೆ ಮಾತಾಡಿದ. ಬಿಸ್ಕತ್ತು ಕಂಪನಿಗಳು ಐದು ರೂಪಾಯಿ ಪ್ಯಾಕೆಟ್ಟಿನಿಂದ ಒಂದೊಂದೇ ಬಿಸ್ಕತ್ತು ಕದಿಯುವ ಕಥೆಯನ್ನು ನಾನು ಸಮಾಧಾನಕ್ಕೆಂದು ಹೇಳಿದೆ. "ಅದಾದ್ರೂ ರೇಟು ಏರಿಸಲ್ಲ ಭಾವ" ಎಂದ. ಅವನ ಮಾತಿನಲ್ಲೂ ನ್ಯಾಯವಿತ್ತು.

ನ್ಯಾಯವಿಲ್ಲದ ದೂರುಗಳೂ ಇವೆ. 1995ರಲ್ಲಿ ಕಂಪನಿ ಹಳೆಯ ಕಾರ್ಡುಗಳನ್ನು ಮತ್ತೆ ಅಚ್ಚುಹಾಕಿತು. ಕೂಡಿಟ್ಟವರ ಕಾರ್ಡಿನ ಬೆಲೆ ಇಳಿಯಿತು, ಗಲಾಟೆಯಾಯಿತು. ಮರುವರ್ಷ ಕಂಪನಿ ಒಂದು ಪಟ್ಟಿ ಮಾಡಿ, ಇದರಲ್ಲಿರುವುದನ್ನು ಇನ್ನೆಂದೂ ಮುದ್ರಿಸುವುದಿಲ್ಲ ಎಂದು ಮಾತು ಕೊಟ್ಟಿತು. ಆ ಪಟ್ಟಿಯ ಬ್ಲ್ಯಾಕ್ ಲೋಟಸ್ ಎಂಬ ಕಾರ್ಡಿನ ಮೊದಲ ಮುದ್ರಣದ ಪ್ರತಿಯೊಂದು 2021ರಲ್ಲಿ 5,11,100 ಡಾಲರಿಗೆ ಹರಾಜಾಯಿತು. ಈಗ ಕೇಳಿ, ಭಾವಮೈದನ ನಿಲುವು ಹೀಗೆ: ತನ್ನ ಹತ್ತಿರ ಇಲ್ಲದ ಕಾರ್ಡುಗಳನ್ನು ಕಂಪನಿ ನಾಳೆ ಬೆಳಗ್ಗೆಯೇ ಮರುಮುದ್ರಣ ಮಾಡಬೇಕು, ಬಡವರೂ ಆಡಬೇಕು, ತನ್ನ ಹತ್ತಿರ ಇರುವವನ್ನು ಯಾವ ಕಾರಣಕ್ಕೂ ಮುಟ್ಟಬಾರದು, ಜನರ ನಂಬಿಕೆಯ ಪ್ರಶ್ನೆ. ಬೆಂಗಳೂರಿನಲ್ಲಿ ಸೈಟು ಹುಡುಕುವವರು ಮಾತಾಡುವುದೂ ಹೀಗೇ. ರಿಜಿಸ್ಟ್ರೇಷನ್ನಿನ ಹಿಂದಿನ ದಿನದವರೆಗೆ "ಜನಸಾಮಾನ್ಯ ಬದುಕೋ ಹಾಗಿಲ್ಲ", ಮರುದಿನದಿಂದ "ಮೆಟ್ರೋ ಬಂದ್ರೆ ಡಬಲ್ ಆಗತ್ತೆ".

ಇಡೀ ಲೋಕಕ್ಕೆ ಒಂದೇ ಒಂದು ಉಂಗುರದ ಕಾರ್ಡು ಅಚ್ಚುಹಾಕಿ ಯಾವುದೋ ಒಂದು ಪ್ಯಾಕಿನಲ್ಲಿ ಸೇರಿಸಿದ್ದು 2023ರಲ್ಲಿ. ಇವನು ಆಗ ಮೂರನೆಯ ಸಲ ಆಟ ಬಿಟ್ಟಿದ್ದ. ಆರು ದುಬಾರಿ ಪ್ಯಾಕ್ ತರಿಸಿದ. ಉಂಗುರ ಕೆನಡಾದಲ್ಲಿ ಸಿಕ್ಕಿತು. ಪೋಸ್ಟ್ ಮಲೋನ್ ಎಂಬ ಗಾಯಕ ಅದನ್ನು ಸುಮಾರು 20 ಲಕ್ಷ ಡಾಲರಿಗೆ ಕೊಂಡನೆಂದು ಸುದ್ದಿಯಾಯಿತು. ನನ್ನ ಹೆಂಡತಿ ತಮ್ಮನ ಬಿಲ್ಲು ನೋಡಿ, "ಈ ದುಡ್ಡಿಗೆ ಚಿನ್ನದ ಉಂಗುರಾನೇ ಬರ್ತಿತ್ತಲ್ಲೋ" ಎಂದಳು. ಅವನು ಅಕ್ಕನ ಜೊತೆ ಒಂದು ವಾರ ಮಾತು ಬಿಟ್ಟ. ಅದೊಂದನ್ನು ನಿಜವಾಗಿಯೂ ಬಿಟ್ಟಿದ್ದ.

ಶುಕ್ರವಾರ ಸಂಜೆ ಇವರೆಲ್ಲ ಸೇರುತ್ತಾರೆ. ಒಂದು ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದ. ಅಂಗಡಿಯ ಮಹಡಿ, ಉದ್ದನೆಯ ಮೇಜು, ಒಂದೇ ಫ್ಯಾನು, ಇಪ್ಪತ್ತು ಜನ ಗಂಡಸರು. ಗಾಳಿಯ ವಿಷಯ ಹೇಳುವುದಿಲ್ಲ. ನಾಲ್ಕು ಜನ ಕೂತು ಆಡುವ ಕಮಾಂಡರ್ ಎಂಬ ಬಗೆಯಲ್ಲಿ, ಶುರುವಿಗೆ ಮುಂಚೆ ಪ್ರತಿಯೊಬ್ಬನೂ ತನ್ನ ಡೆಕ್ಕಿನ ಬಲ ಹತ್ತಕ್ಕೆ ಎಷ್ಟು ಎಂದು ಪ್ರಾಮಾಣಿಕವಾಗಿ ಹೇಳಬೇಕಿತ್ತಂತೆ. ನಾಲ್ವರೂ "ಏಳು" ಎಂದರು. ಪಕ್ಕದ ಮೇಜಿನಲ್ಲೂ ಏಳು. ಹುಡುಗ ನೋಡಲು ಬಂದವರ ಮುಂದೆ "ಯಾವ ಚಟಾನೂ ಇಲ್ಲ" ಎನ್ನುತ್ತಾರಲ್ಲ, ಅಷ್ಟೇ ಪ್ರಾಮಾಣಿಕವಾದ ಏಳು. ಮೂರನೆಯ ಸುತ್ತಿಗೆ ಒಬ್ಬ ಉಳಿದ ಮೂವರನ್ನೂ ಮುಗಿಸಿದ. ಮೂವರೂ ಒಕ್ಕೊರಲಿನಿಂದ, "ಇದು ಏಳಾ?" ಎಂದರು.

ಮೇಜಿನ ತುದಿಯಲ್ಲಿ ಒಬ್ಬ ಶಾಸ್ತ್ರಿ ಇದ್ದ. ಜಾತಿಯಿಂದಲ್ಲ, ಕಸುಬಿನಿಂದ. ಆಟದ ನಿಯಮಾವಳಿ ಮುನ್ನೂರು ಪುಟದ ಆಸುಪಾಸು. ಅದು ಅವನಿಗೆ ಬಾಯಿಪಾಠ. ಯಾರೇ ಕಾರ್ಡು ಇಟ್ಟರೂ ಕೈ ಅಡ್ಡ ಹಿಡಿದು "ಒಂದ್ನಿಮಿಷ" ಎನ್ನುತ್ತಿದ್ದ. ಮೊದಲ ಸಲ ಬಂದಿದ್ದ ಕಾಲೇಜು ಹುಡುಗನೊಬ್ಬ ಪ್ರಿಂಟ್ ತೆಗೆದ ಕಾರ್ಡು ಒಂದೆರಡನ್ನು ಸೇರಿಸಿಕೊಂಡಿದ್ದ. ಇವರ ಭಾಷೆಯಲ್ಲಿ ಪ್ರಾಕ್ಸಿ. ಅದು ಸರಿಯೋ ತಪ್ಪೋ ಎಂದು ಇಪ್ಪತ್ತೈದು ನಿಮಿಷ ಚರ್ಚೆಯಾಯಿತು. ಕಂಪನಿ ದುಡ್ಡು ಸುಲಿಯುತ್ತದೆ ಎಂದು ಆವರೆಗೆ ಬೈಯುತ್ತಿದ್ದ ನನ್ನ ಭಾವಮೈದನೇ "ನಾವು ದುಡ್ಡು ಕೊಟ್ಟಿಲ್ವಾ?" ಎಂದು ಎದ್ದುನಿಂತ. ಹುಡುಗ ಕಾರ್ಡು ಎತ್ತಿಕೊಂಡು, ಅಣ್ಣಂದಿರಿಗೆಲ್ಲ ಥ್ಯಾಂಕ್ಸ್ ಹೇಳಿ ಮನೆಗೆ ಹೋದ. ಆಮೇಲೆ ಇವರು, ಹೊಸಬರು ಯಾಕೆ ಬರುತ್ತಿಲ್ಲ ಎಂದು ಮಾತಾಡಿಕೊಂಡರು. ಅಂದು ಆಟ ನಡೆದದ್ದು ಎರಡು ಗಂಟೆ. ಆಮೇಲೆ ದರ್ಶಿನಿಯ ಮುಂದೆ ಕಾಫಿ ಹಿಡಿದು ನಿಂತು ಕಂಪನಿಯನ್ನು ಬೈದದ್ದು ಮೂರು ಗಂಟೆ; ಎರಡನೆಯದರಲ್ಲೇ ಅವರ ಮುಖ ಹೆಚ್ಚು ಅರಳಿತ್ತು.

ಇನ್ನು ವರಮಹಾಲಕ್ಷ್ಮಿ ಹಬ್ಬದ ವಿಷಯ. 2024ರ ಆಗಸ್ಟ್ 16, ಶುಕ್ರವಾರ. ಅದಕ್ಕೆ ಹದಿನೈದು ದಿನ ಮುಂಚೆ ಅವನು ಜ್ಯುವೆಲ್ಡ್ ಲೋಟಸ್ ಎಂಬ ಕಾರ್ಡು ತರಿಸಿದ್ದ. ರತ್ನದ ಕಮಲ. ಕಮಾಂಡರ್ ಆಟದಲ್ಲಲ್ಲದೆ ಬೇರೆಲ್ಲೂ ಮೂರು ಕಾಸಿಗೆ ಉಪಯೋಗವಿಲ್ಲ, ಅಲ್ಲಿ ಮಾತ್ರ ಆಗ ಭಾರೀ ಬೆಲೆ. ಎರಡು ಪ್ಲಾಸ್ಟಿಕ್ ಸ್ಲೀವ್ ಒಂದರೊಳಗೊಂದು ತೊಡಿಸಿ, ಬೈಂಡರಿನ ಮೊದಲ ಪುಟದಲ್ಲಿಟ್ಟು, ಅತ್ತೆಯವರಿಗೆ ತೋರಿಸಿ, "ಅಮ್ಮ, ಈ ಮನೇಲಿ ತೂಕಕ್ಕೆ ತೂಕ ಹಾಕಿದ್ರೆ ಇದಕ್ಕಿಂತ ಬೆಲೆಬಾಳೋದು ಇನ್ನೊಂದಿಲ್ಲ" ಎಂದಿದ್ದ. ತಾಯಂದಿರ ಹತ್ತಿರ ಇಂಥ ಮಾತಾಡುವಾಗ ಹುಷಾರಾಗಿರಬೇಕು. ಅವರು ನಂಬಿಬಿಡುತ್ತಾರೆ.

ಹಬ್ಬದ ದಿನ ಸಂಜೆ ನಾವು ಹೋದಾಗ ಕಳಶದ ಮುಂದೆ ಬಳೆ, ಬೆಳ್ಳಿ ಬಟ್ಟಲು, ಐನೂರರ ನೋಟು, ಪಕ್ಕದಲ್ಲಿ ಜ್ಯುವೆಲ್ಡ್ ಲೋಟಸ್. ಕಮಲದ ನಡುಮಧ್ಯೆ ದುಂಡಗೆ ಅರಿಶಿನ, ಅದರ ಮೇಲೆ ಕುಂಕುಮ, ಮೇಲೊಂದು ಸೇವಂತಿಗೆ ಎಸಳು. ನೆನೆದ ಅಕ್ಷತೆಯ ಎರಡು ಕಾಳು ಮೂಲೆಯಲ್ಲಿ ಅಂಟಿಕೊಂಡಿದ್ದವು. ಭಾವಮೈದ ಆಫೀಸಿನ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ನೋಡುತ್ತಾ ನಿಂತ.

"ಸ್ಲೀವ್ ಎಲ್ಲಮ್ಮ?"

"ಯಾವುದು, ಆ ಕವರಾ? ಪ್ಲಾಸ್ಟಿಕ್ ಸಮೇತ ಯಾರಾದ್ರೂ ದೇವರ ಮುಂದೆ ಇಡ್ತಾರೇನೋ? ತೆಗೆದೆ. ಬಿಡಿಸೋಕೆ ಕಷ್ಟ ಆಯ್ತು, ಉಗುರು ಹಾಕಿ ಎಳೆದೆ."

ಕಾರ್ಡು ಮಾರುವವರಲ್ಲಿ ವರನನ್ನು ನೋಡುವವರಿಗಿಂತ ಸೂಕ್ಷ್ಮವಾದ ದರ್ಜೆಗಳಿವೆ. ಅಂಗಡಿಯಿಂದ ಬಂದ ಹಾಗೇ ಇದ್ದರೆ ನಿಯರ್ ಮಿಂಟ್, ಅಂಚು ಸವೆದಿದ್ದರೆ ಒಂದು ಮೆಟ್ಟಲು ಕೆಳಗೆ, ಹೀಗೆ ಇಳಿಯುತ್ತಾ ಕೊನೆಗೆ ಡ್ಯಾಮೇಜ್ಡ್. ಅರಿಶಿನ ಕುಂಕುಮಕ್ಕೆ ಬೇರೆ ದರ್ಜೆ ಇಲ್ಲ. ಹತ್ತಿಯಿಂದ ಒರೆಸಿದ, ಕುಂಕುಮ ಹೋಗಿ ಅರಿಶಿನ ಹರಡಿತು. ಅಂದು ಶುಕ್ರವಾರದ ಆಟಕ್ಕೆ ಹೋಗಲಿಲ್ಲ. ಕೋಸಂಬರಿ ಮುಟ್ಟಲಿಲ್ಲ, ಒಬ್ಬಟ್ಟು ಮಾತ್ರ ನಾಲ್ಕು ತಿಂದ.

ಒಂದು ತಿಂಗಳು ತಾಯಿ ಮಗನಿಗೆ ಅಷ್ಟಕ್ಕಷ್ಟೆ. ಸೆಪ್ಟೆಂಬರ್ 23ರಂದು ಕಮಾಂಡರ್ ಆಟದ ಉಸ್ತುವಾರಿ ನೋಡುತ್ತಿದ್ದ, ಕಂಪನಿಯ ಹೊರಗಿನ ಆಟಗಾರರದೇ ಒಂದು ಸಮಿತಿ ನಾಲ್ಕು ಕಾರ್ಡುಗಳನ್ನು ನಿಷೇಧಿಸಿತು. ಅದರಲ್ಲೊಂದು ಜ್ಯುವೆಲ್ಡ್ ಲೋಟಸ್. ಇದ್ದ ಒಂದೇ ಊರಿನಿಂದ ಗಡೀಪಾರಾದ ಮೇಲೆ ಅದಕ್ಕೆ ಏನು ಬೆಲೆ? ಲೋಕದ ಆಟಗಾರರೆಲ್ಲ ಬೊಬ್ಬೆ ಹೊಡೆದರು. ಕೆಲವರು ಸಮಿತಿಯವರಿಗೆ ಬೆದರಿಕೆ ಹಾಕುವ ಮಟ್ಟಕ್ಕೂ ಇಳಿದರು. ಒಂದೇ ವಾರದಲ್ಲಿ ಸಮಿತಿ ಕೈಮುಗಿದು ಆಟದ ಉಸ್ತುವಾರಿಯನ್ನು ಕಂಪನಿಗೇ ಒಪ್ಪಿಸಿಬಿಟ್ಟಿತು. ಬರೀ ಕಾಗದಕ್ಕೆ ಮನುಷ್ಯರು ಮನುಷ್ಯರನ್ನು ಹಾಗೆ ಹೆದರಿಸಬಾರದಿತ್ತು. ನನ್ನ ಭಾವಮೈದ ಯಾರನ್ನೂ ಬೆದರಿಸಲಿಲ್ಲ, ಅಷ್ಟು ಹೇಳಲೇಬೇಕು. ಒಂದು ಹೊತ್ತು ಊಟ ಬಿಟ್ಟ. ಆಟವನ್ನು ಐದನೆಯ ಸಲ ಬಿಟ್ಟ.

ಅತ್ತೆಗೆ ವಿಷಯ ತಿಳಿಸಿದ್ದು ನಾನೇ. "ಹಾಗಂದ್ರೆ, ಆವತ್ತು ಹಳೇ ಐನೂರರ ನೋಟು ಮಾಡಿದ್ರಲ್ಲ, ಹಾಗಾ? ಬ್ಯಾಂಕಲ್ಲಿ ಬದಲಾಯಿಸಿ ಕೊಡ್ತಾರಾ?" ಎಂದು ಕೇಳಿದರು. ಕೊಡುವುದಿಲ್ಲವೆಂದೆ. ಮಾವನವರು ಪೇಪರಿನಿಂದ ತಲೆ ಎತ್ತದೆ, "ನಲವತ್ತು ವರ್ಷದಿಂದ ರಮ್ಮಿ ಆಡ್ತಿದೀನಿ. ನನ್ನ ಇಸ್ಪೀಟು ರಾಣೀನ ಯಾರೂ ಅಮೆರಿಕದಲ್ಲಿ ಕೂತು ರದ್ದು ಮಾಡಿಲ್ಲ" ಎಂದರು.

ಆಮೇಲೆ ಆರನೆಯ ಸಲ ಬಿಟ್ಟದ್ದು 2025ರಲ್ಲಿ, ಸ್ಪೈಡರ್ ಮ್ಯಾನ್ ಕಾರ್ಡುಗಳು ಬಂದಾಗ. ಮಾಂತ್ರಿಕರ ಆಟದಲ್ಲಿ ಜೇಡರ ಹುಡುಗನಿಗೇನು ಕೆಲಸ ಎಂಬ ತಾತ್ವಿಕ ಕಾರಣಕ್ಕೆ. ಎರಡು ಬಾಕ್ಸ್ ತರಿಸಿದ, ಎಷ್ಟು ಕೆಟ್ಟದಾಗಿದೆ ಎಂದು ನೋಡಲು. ಏಳನೆಯದು ಮೊನ್ನೆ, ಕಾರಣ ನನಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಈ ಸಲ ಮಾತ್ರ ಖಂಡಿತ ಬಿಟ್ಟೆ, ಇರೋದನ್ನೆಲ್ಲ ಮಾರಿಬಿಡ್ತೀನಿ ಎಂದು ಬೈಂಡರ್ ತಂದು ನಮ್ಮ ಮನೆಯಲ್ಲಿಟ್ಟಿದ್ದಾನೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಮೆಲ್ಲಗೆ, "ಭಾವ, ಗುರುವಾರ ನಿಮ್ಮ ಅಡ್ರೆಸ್ಸಿಗೆ ಒಂದು ಪಾರ್ಸೆಲ್ ಬರತ್ತೆ. ಸ್ವಲ್ಪ ದುಡ್ಡು ಕಟ್ಟಿ ತಗೊಂಡಿರಿ. ಅಕ್ಕಂಗೆ ಹೇಳಬೇಡಿ" ಎಂದ.

ಆದ್ದರಿಂದ ಓದುಗರಲ್ಲಿ ಯಾರಾದರೂ ಈ ಆಟ ಆಡುವವರಿದ್ದರೆ ದಯವಿಟ್ಟು ಗುರುವಾರದೊಳಗೆ ತಿಳಿಸಿ. ಬೈಂಡರಿನಲ್ಲಿ ಒಟ್ಟು 412 ಕಾರ್ಡುಗಳಿವೆ. ಎಲ್ಲವೂ ನಿಯರ್ ಮಿಂಟ್. ಒಂದಕ್ಕೆ ಮಾತ್ರ ಸ್ವಲ್ಪ ಅರಿಶಿನ ಹತ್ತಿದೆ.