ಟಿಕೆಟ್ ಎರಡು, ಊರೂ ಎರಡು

ಗಂಡ ಹೆಂಡತಿ ಜೊತೆಯಾಗಿ ನಾಡು ಸುತ್ತುತ್ತಾರೆ ಅನ್ನುವುದು ಟಿಕೆಟ್ ಕೊಡುವವರ ನಂಬಿಕೆ. ನಿಜಕ್ಕೂ ಇಬ್ಬರೂ ಹೋಗುವುದು ಬೇರೆ ಬೇರೆ ಊರಿಗೆ. ಎರಡಕ್ಕೂ ಸ್ಟೇಷನ್ ಒಂದೇ, ಅಷ್ಟೆ.

ಬಾದಾಮಿಯನ್ನೇ ತೆಗೆದುಕೊಳ್ಳಿ. ನನ್ನ ಬಾದಾಮಿಯಲ್ಲಿ ಇರುವುದು ನಾಲ್ಕು ಗುಹೆ, ಒಂದಷ್ಟು ಚಾಲುಕ್ಯರು, ಪುರಾತತ್ವ ಇಲಾಖೆಯ ಫಲಕ. ಫಲಕ ಕಂಡಲ್ಲಿ ನಿಂತು ಪೂರ್ತಿ ಓದದೆ ಮುಂದೆ ಹೋಗುವ ಜಾತಿಯವನಲ್ಲ ನಾನು. ಮೂರನೇ ಗುಹೆಯ ಮುಂದೆ ಗಂಟಲು ಸರಿಮಾಡಿಕೊಂಡು, ‘ನೋಡೇ, ಈ ಗುಹೆಯ ಶಾಸನ 578ನೇ ಇಸವಿಯದು. ಮಂಗಲೇಶ ತನ್ನಣ್ಣ ಕೀರ್ತಿವರ್ಮನ ಕಾಲದಲ್ಲಿ...’ ಎಂದು ಶುರುಮಾಡಿದೆ.

‘ರೀ, ಮಂಗಲೇಶ ಹಾಗಿರಲಿ, ಮಂಗ ನೋಡ್ರೀ!’

ನೋಡುವಷ್ಟರಲ್ಲಿ ಕೈಲಿದ್ದ ಕಡಲೆಕಾಯಿ ಪೊಟ್ಟಣ ಗುಹೆಯ ಮೇಲಿನ ಬಂಡೆ ಸೇರಿತ್ತು. ಚಾಲುಕ್ಯರು ಹೋದರೂ ಕಂದಾಯ ವಸೂಲಿ ನಿಂತಿಲ್ಲ.

ಅವಳ ಬಾದಾಮಿ ಇರುವುದು ಅಲ್ಲಿಂದ ಮುಂದೆ, ಬನಶಂಕರಿ ಗುಡಿಯ ಹತ್ತಿರ. ಸುತ್ತಲ ಹಳ್ಳಿಯ ಹೆಂಗಸರು ಅಲ್ಲಿ ಬುಟ್ಟಿ ಹೊತ್ತು ತಂದು ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಚಟ್ನಿ, ಗಡಿಗೆ ಮೊಸರು ಬಡಿಸುತ್ತಾರೆ. ನಾನು ಎರಡು ರೊಟ್ಟಿ ತಿಂದು ಕೈ ತೊಳೆದೆ. ಇವಳು ತಿಂದದ್ದಕ್ಕಿಂತ ಕೇಳಿದ್ದೇ ಹೆಚ್ಚು. ‘ಮಗಳ್ನ ಎಲ್ಲಿಗೆ ಕೊಟ್ಟಿದ್ದೀರಿ? ಸೊಸೆ ಹೇಗೆ? ರೊಟ್ಟಿ ಇಷ್ಟು ತೆಳ್ಳಗೆ ಹೇಗೆ ಬಡಿತೀರಿ?’ ಆ ತಾಯಿ, ‘ನಿಮ್ಮ ಯಜಮಾನ್ರು ಯಾಕ್ರೀ ಮಾತೇ ಆಡಾಂಗಿಲ್ಲ?’ ಅಂದರೆ, ಇವಳು, ‘ಕಲ್ಲು ಕಂಡ್ರೆ ಮಾತ್ರ ಆಡ್ತಾರೆ’ ಅಂದಳು. ಇಬ್ಬರೂ ಮನಸಾರೆ ನಕ್ಕರು. ಮೊಸರು ಇನ್ನೊಂದು ಸೌಟು ಬಿತ್ತು, ಅವಳ ಎಲೆಗೆ.

ದಾರಿ ಕೇಳುವುದೂ ಅವಳ ಖಾತೆಯೇ. ಮೊಬೈಲಿನ ನಕ್ಷೆ ಇರುವಾಗ ಕಂಡವರನ್ನೆಲ್ಲ ಯಾಕೆ ಕೇಳಬೇಕು ಅನ್ನುವುದು ನನ್ನ ವಾದ. ನಕ್ಷೆ ಊಟ ಎಲ್ಲಿ ಚೆನ್ನಾಗಿದೆ ಎಂದಾದರೂ ಹೇಳೀತು, ಅಡುಗೆಯವನು ರಜೆ ಮೇಲಿದ್ದಾನೆ ಎಂದು ಹೇಳುತ್ತದೆಯೇ? ಇದು ಅವಳದು. ಉತ್ತರ ಇನ್ನೂ ಹುಡುಕುತ್ತಿದ್ದೇನೆ.

ವಿಜಯಪುರದ ಗೋಳಗುಮ್ಮಟದಲ್ಲಿ ನನ್ನ ಸರದಿ ಬಂತೆಂದುಕೊಂಡೆ. 1656ರಲ್ಲಿ ಮುಗಿದ ಕಟ್ಟಡ, ಒಳವ್ಯಾಸ ಸುಮಾರು 38 ಮೀಟರ್, ನಡುವೆ ಒಂದು ಕಂಬವಿಲ್ಲ ಎಂದೆಲ್ಲ ಹೇಳುತ್ತ ಮೂಲೆಯ ಗೋಪುರದ ಮೆಟ್ಟಿಲು ಹತ್ತಿಸಿದೆ. ಕೆಳಗೆ ಮಹಮ್ಮದ್ ಆದಿಲ್‌ಶಾಹನ ಜೊತೆಗೆ ಅವನ ಹೆಂಡತಿಯರ ಗೋರಿಗಳೂ ಇವೆ ಅಂದದ್ದಕ್ಕೆ, ‘ಅಷ್ಟು ದೊಡ್ಡ ಮನೆ ಕಟ್ಟಿಸಿದ್ರೂ ಒಬ್ಬನೇ ಮಲಗೋಕೆ ಬಿಟ್ಟಿಲ್ಲ, ಒಳ್ಳೇದಾಯ್ತು’ ಅಂದಳು.

ಮೇಲಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಶಾಲೆಯ ಮಕ್ಕಳ ದಂಡು ಕೂಗಿ ಕೂಗಿ ಗುಮ್ಮಟವನ್ನೇ ಸುಸ್ತು ಮಾಡಿತ್ತು. ಅವರು ಇಳಿಯುವವರೆಗೆ ಕಾದು, ಅವಳನ್ನು ಆಚೆ ಬದಿಗೆ ಕಳಿಸಿ ಗೋಡೆಗೆ ಕಿವಿ ಕೊಟ್ಟೆ. ಹೊಸದಾಗಿ ಮದುವೆಯಾದವರು ಇಲ್ಲಿ ಏನೇನು ಪಿಸುಗುಟ್ಟುತ್ತಾರೋ! ನನಗೆ ಬಂದದ್ದು: ‘ರೀ, ಹೊರಡುವಾಗ ಗ್ಯಾಸ್ ಆಫ್ ಮಾಡಿದ್ರಾ?’

ಅದು ಒಂದು ಸಲ ಬಂದಿದ್ದರೆ ಸಹಿಸಬಹುದಿತ್ತು. ಮಾಡಿದ್ರಾ, ಮಾಡಿದ್ರಾ ಎಂದು ಗುಮ್ಮಟವೂ ಕೇಳತೊಡಗಿತು. ಅಡುಗೆಮನೆಯಿಂದ ಹಾಲಿಗೆ ಕೂಗಿದರೆ ‘ಕೇಳಿಸಲಿಲ್ಲ’ ಅನ್ನುವ ಸೌಕರ್ಯ ನಮ್ಮ ಮನೆಯಲ್ಲಿದೆ. ಆದಿಲ್‌ಶಾಹಿ ವಾಸ್ತುವಿನಲ್ಲಿ ಗಂಡಂದಿರಿಗೆ ಅಷ್ಟು ಕೂಡ ಜಾಗ ಬಿಟ್ಟಿಲ್ಲ.

ಮುಂದಿನ ಸಲ ಬೇಲೂರು, ಹಳೇಬೀಡು, ಸೋಮನಾಥಪುರ ಎಂದು ನಾನು ತೀರ್ಮಾನಿಸಿದ್ದೇನೆ. 2023ರಲ್ಲಿ ಮೂರಕ್ಕೂ ವಿಶ್ವ ಪರಂಪರೆಯ ಪಟ್ಟ ಸಿಕ್ಕಿದೆ, ಫಲಕಗಳೂ ಹೊಸದಾಗಿರಬೇಕು. ನಿನ್ನೆ ಹೇಳಿದೆ. ‘ಹೋಗೋಣಂತೆ’ ಅಂದವಳು ಫೋನಿನತ್ತ ತಿರುಗಿದಳು. ಆ ಕಡೆ ರೊಟ್ಟಿಯ ತಾಯಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ, ನಾಟಕ ಕಂಪನಿಗಳು ಬರುತ್ತವಂತೆ, ಉಳಿಯೋಕೆ ಅವರ ಮನೆಯೇ ಇದೆಯಂತೆ.

‘ಯಜಮಾನ್ರೂ ಬರ್ತಾರಾ’ ಎಂದು ಅವರು ಕೇಳಿರಬೇಕು. ಇವಳು ನನ್ನ ಕಡೆ ನೋಡಲೂ ಇಲ್ಲ. ‘ಹೂಂ, ಚೀಲ ಹೊರೋಕೆ ಒಬ್ರು ಬೇಕಲ್ಲ’ ಅಂದಳು.