ಲೈನ್ ಮೀಮಾಂಸೆ: ತಿಕೋಟಾ–ಬಬಲೇಶ್ವರ ಪಾಠ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಹೊತ್ತ ಪದ ಯಾವುದು ಎಂಬ ಪಂದ್ಯದಲ್ಲಿ ಬಹುಕಾಲ ಗೆದ್ದದ್ದು ‘ಸೆಟ್’. 1989ರ ಆಕ್ಸ್‌ಫರ್ಡ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅದಕ್ಕೆ 430 ಅರ್ಥಗಳಿವೆ ಎಂದು ಲೆಕ್ಕ. ಈಚೆಗೆ ‘ರನ್’ ಅದನ್ನು ಹಿಂದೆ ಹಾಕಿದೆಯಂತೆ. ಇವೆಲ್ಲ ಇಂಗ್ಲೆಂಡಿನಲ್ಲಿ ಕೂತು ಹಾಕಿದ ಲೆಕ್ಕಗಳು. ನಿಘಂಟುಕಾರರು ಡೋಣಿ ಸೀಮೆಗೆ ಬಂದು ವಿಜಯಪುರ, ತಿಕೋಟಾ, ಬಬಲೇಶ್ವರಗಳ ನಡುವೆ ಒಂದು ಹಗಲು, ಒಂದು ರಾತ್ರಿ ಕಿವಿಗೊಟ್ಟಿದ್ದರೆ ಚಿನ್ನದ ಪದಕ ‘ಲೈನ್’ ಪದಕ್ಕೆ ಹೋಗುತ್ತಿತ್ತು. ರಾತ್ರಿ ಯಾಕೆಂದರೆ, ಪದದ ಮುಖ್ಯಾರ್ಥ ಪ್ರಕಟವಾಗುವುದೇ ನಡುರಾತ್ರಿಯ ಮೇಲೆ.

ಶಾಸ್ತ್ರದ ಪ್ರಕಾರ ಮೊದಲು ವ್ಯುತ್ಪತ್ತಿ. ಇಂಗ್ಲಿಷಿನ ಲೈನ್ ಬಂದದ್ದು ಲ್ಯಾಟಿನ್ನಿನ ‘ಲಿನಿಯಾ’ದಿಂದ, ಲಿನಿಯಾ ಎಂದರೆ ನಾರಿನ ದಾರ. ಅದರ ಮೂಲ ‘ಲಿನಮ್’, ಅಂದರೆ ಅಗಸೆ ಗಿಡ. ವಿಜಯಪುರದ ಎರೆ ಹೊಲದಲ್ಲಿ ಹಿಂಗಾರಿಗೆ ಬೆಳೆಯುವ, ಹುರಿದು ಕುಟ್ಟಿ ಖಾರ ಬೆರೆಸಿ ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಅದೇ ಅಗಸಿ. ಹೀಗಾಗಿ ಪದ ಪರದೇಶದ್ದು ಎಂಬ ಪೂರ್ವಪಕ್ಷ ಇಲ್ಲಿಗೇ ಬಿದ್ದುಹೋಯಿತು. ಅಗಸಿ ಹಿಂಡಿ ತಿನ್ನುವವನು ಲೈನಿನ ಮೂಲವನ್ನೇ ತಿನ್ನುತ್ತಾನೆ. ಈ ಭಾಗದಲ್ಲಿ ಊರ ಹೆಬ್ಬಾಗಿಲಿಗೂ ‘ಅಗಸಿ’ ಎನ್ನುತ್ತಾರೆ, ಬಾಗಿಲಿದ್ದಲ್ಲಿ ಲೈನ್ ಇದ್ದೇ ಇರುತ್ತದೆ. ಇದಕ್ಕಿಂತ ಹೆಚ್ಚಿನ ಪುರಾವೆ ಕೇಳುವವರು ಕುತರ್ಕಿಗಳು.

ವ್ಯಾಕರಣವೂ ಇದೇ ಪಕ್ಷದಲ್ಲಿದೆ. ಹಳಗನ್ನಡದ ‘ಮೀನ್’ ಮುಂದೆ ‘ಮೀನು’ ಆಯಿತು, ‘ಬಾನ್’ ‘ಬಾನು’ ಆಯಿತು. ಅದೇ ದಾರಿಯಲ್ಲಿ ‘ಲೈನ್’ ‘ಲೈನು’ ಆಗಿದೆ. ಆದ್ದರಿಂದ ಕಾಲೇಜು ಹುಡುಗರು ಹೇಳುವ ‘ಲೈನ್’ ಹಳಗನ್ನಡ, ಅಜ್ಜಿ ಹೇಳುವ ‘ಲೈನು’ ಹೊಸಗನ್ನಡ. 13ನೇ ಶತಮಾನದ ಕೇಶಿರಾಜನ ಕಾಲಕ್ಕೆ ಈ ಪದ ಇದ್ದಿದ್ದರೆ ಅವನು ಇದಕ್ಕೊಂದು ಸೂತ್ರ ಕೊಡದೆ ಬಿಡುತ್ತಿರಲಿಲ್ಲ. ಕಿಟೆಲ್ ತನ್ನ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1894ರಲ್ಲಿ. ಹೋಟಗಿ–ಗದಗ ಮೀಟರ್‌ಗೇಜ್ ಮಾರ್ಗ ಶುರುವಾಗಿ ಬಿಜಾಪುರಕ್ಕೆ ರೈಲು ಬಂದದ್ದು 1884ರಲ್ಲಿ. ಅಂದರೆ ನಿಘಂಟು ಬರುವ ಹೊತ್ತಿಗೆ ಲೈನು ಬಂದು ಹತ್ತು ವರ್ಷವಾಗಿತ್ತು.

ಈ ಪದ ಒಂಟಿಯಾಗಿದ್ದಾಗ ಮೂಕ, ಕ್ರಿಯಾಪದ ಸಿಕ್ಕ ಕೂಡಲೇ ವಾಚಾಳಿ. ‘ಲೈನ್ ಬಂತು’ ಅಂದರೆ ವಿದ್ಯುತ್ತು. ‘ಲೈನ್ ಹಚ್ಚು’ ಅಂದರೆ ಸರದಿ. ‘ಲೈನ್ ಹೊಡಿ’ ಅಂದರೆ ಪ್ರೇಮವ್ಯವಹಾರದ ಮೊದಲ ಹಂತ, ಅದು ಮುಂದಿನ ಹಂತಕ್ಕೆ ಹೋಗುವುದು ಅಪರೂಪ. ‘ಲೈನಿಗೆ ಬಾ’ ಅಂದರೆ ಬುದ್ಧಿ ಕಲಿ. ‘ಲೈನ್ ಒಡೀತು’ ಅಂದರೆ ಪೈಪು, ‘ಲೈನ್ ಹರೀತು’ ಅಂದರೆ ತಂತಿ. ನೀರು ಹರಿದರೆ ಊರಿಗೆ ಹಬ್ಬ, ತಂತಿ ಹರಿದರೆ ಕತ್ತಲೆ; ಈ ಎರಡು ಹರಿಯುವಿಕೆಗಳನ್ನು ಮೂರು ವರ್ಷದ ಕೂಸೂ ಗೊಂದಲವಿಲ್ಲದೆ ತಿಳಿಯುತ್ತದೆ. ವಿಭಕ್ತಿ ಬದಲಾದರೂ ಸಾಕು: ‘ಲೈನ್ನ್ಯಾಗ ಅದಾನ’ ಎಂದರೆ ರೇಷನ್ ಅಂಗಡಿ ಮುಂದೆ ನಿಂತಿದ್ದಾನೆ, ‘ಲೈನ್ ಮ್ಯಾಲ ಅದಾನ’ ಎಂದರೆ ಲಾರಿ ಹತ್ತಿ ಸೊಲ್ಲಾಪುರದ ಕಡೆ ಹೋಗಿದ್ದಾನೆ.

ನಗರ ಸಂಪ್ರದಾಯದಲ್ಲಿ ಲೈನ್ ಎಂದರೆ ಮುಖ್ಯವಾಗಿ ಜನ. ಯೂಕ್ಲಿಡ್ ಹೇಳಿದ್ದು, ರೇಖೆಗೆ ಉದ್ದವಿದೆ, ಅಗಲವಿಲ್ಲ ಎಂದು. ಬಸ್ ಬಂದು ನಿಂತ ಗಳಿಗೆಯಲ್ಲಿ ವಿಜಯಪುರದ ಬಸ್ ನಿಲ್ದಾಣಕ್ಕೆ ಹೋದವರು ಅಗಲವಷ್ಟೇ ಇದ್ದು ಉದ್ದವೇ ಇಲ್ಲದ ಲೈನನ್ನು ನೋಡಬಹುದು. ಕಿಟಕಿಯೊಳಗೆ ತೂರಿದ ಟವೆಲ್ಲು ಅಲ್ಲಿ ಕಾನೂನುಬದ್ಧ ಪ್ರಯಾಣಿಕ. ರೇಷನ್ ಅಂಗಡಿಯ ಮುಂದೆ ಚೀಲ, ಗೊಬ್ಬರದ ಅಂಗಡಿಯ ಮುಂದೆ ಚಪ್ಪಲಿ ಮಾಲೀಕನ ಪರವಾಗಿ ನಿಲ್ಲುತ್ತವೆ. ಚೀಲದ ಮಾಲೀಕ ಬೇವಿನ ನೆರಳಿನಲ್ಲಿ ಚಾ ಕುಡಿಯುತ್ತಿದ್ದರೂ ತತ್ತ್ವತಃ ಅವನು ಲೈನಿನಲ್ಲಿದ್ದಾನೆ. 2016ರ ನವೆಂಬರ್‌ನಲ್ಲಿ ನೋಟು ರದ್ದಾದಾಗ ಇಡೀ ದೇಶವೇ ಎಟಿಎಂ ಮುಂದೆ ಈ ವಿದ್ಯೆಯನ್ನು ಕಲಿಯಬೇಕಾಯಿತು. ಇಲ್ಲಿನವರಿಗೆ ಅದು ಪುನರಾವರ್ತನೆ. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಪದದ ಇನ್ನೊಂದು ಮಜಲು ಕಂಡಿತು. ಗ್ರಾಮ ಒನ್ ಕೇಂದ್ರದ ಮುಂದೆ ಹೆಣ್ಣುಮಕ್ಕಳು ಲೈನ್ ಹಚ್ಚಿದ್ದು ಆನ್‌ಲೈನ್ ಮಾಡಿಸಲಿಕ್ಕೆ. ಲೈನ್ ತಪ್ಪಿಸಲೆಂದೇ ಹುಟ್ಟಿದ ಆನ್‌ಲೈನ್ ಇಲ್ಲಿ ತವರಿಗೆ ಮರಳಿತು.

ನಗರದ ಇನ್ನೊಂದು ಲೈನು ರೈಲಿನದು. ಗೋಲಗುಮ್ಮಟದ ನೆರಳಿಗೆ ಹತ್ತಿಕೊಂಡಂತಿರುವ ನಿಲ್ದಾಣದಲ್ಲಿ ‘ಲೈನ್ ಕ್ಲಿಯರ್’ ಎಂಬುದು ಪವಿತ್ರ ಮಾತು. ಮಿಂಚನಾಳದ ಕಡೆಯಿಂದ ಬರುವ ಗಾಡಿಗೆ ಮುಂದಿನ ನಿಲ್ದಾಣದವರು ಲೈನ್ ಕ್ಲಿಯರ್ ಕೊಟ್ಟರೆಂದರೆ ಹಳಿ ಖಾಲಿ ಇದೆ, ಬರಬಹುದು ಎಂದರ್ಥ. ಇಲ್ಲಿಯವರೆಗೆ ಸರಳ.

ತಿಕೋಟಾಕ್ಕೂ ಬಬಲೇಶ್ವರಕ್ಕೂ ರೈಲಿಲ್ಲ. 2017ರ ಬಜೆಟ್‌ನಲ್ಲಿ ಎರಡಕ್ಕೂ ತಾಲೂಕಿನ ಪಟ್ಟ ಘೋಷಣೆಯಾಯಿತು, ಹಳಿ ಬರಲಿಲ್ಲ. ಆದರೂ ‘ಲೈನ್ ಕ್ಲಿಯರ್’ ಅಲ್ಲಿ ದಿನಬಳಕೆಯ ಮಾತು. ಕಂಬ ಹತ್ತುವ ಮೊದಲು ಹೆಸ್ಕಾಂ ಲೈನ್‌ಮನ್ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಊರವರ ಬಾಯಲ್ಲಿ ಅದು ‘ಎಲ್ಸಿ’. ಅದರ ಅರ್ಥ: ತಂತಿಯಲ್ಲಿ ಕರೆಂಟಿಲ್ಲ, ತಾನು ಇಳಿದು ಹೇಳುವವರೆಗೆ ಬಿಡಕೂಡದು. ರೈಲಿನವರಿಗೆ ಲೈನ್ ಕ್ಲಿಯರ್ ಎಂದರೆ ಬಾ. ಹೆಸ್ಕಾಂನವರಿಗೆ ಲೈನ್ ಕ್ಲಿಯರ್ ಎಂದರೆ ಬರಬೇಡ. ಒಂದೇ ಜಿಲ್ಲೆಯಲ್ಲಿ ಎರಡು ಇಲಾಖೆಗಳು ಒಂದೇ ಮಾತನ್ನು ನೇರ ವಿರುದ್ಧಾರ್ಥದಲ್ಲಿ ಬಳಸಿಯೂ ಎರಡೂ ಕಡೆ ಕೆಲಸ ನಡೆಯುತ್ತಿರುವುದು ಭಾಷಾಶಾಸ್ತ್ರದ ಪವಾಡ. ರೈಲು ನೌಕರನೊಬ್ಬ ಅದೇ ಅಭ್ಯಾಸದಲ್ಲಿ ಹೆಸ್ಕಾಂಗೆ ವರ್ಗವಾಗಿ ಬರುವಂತಿಲ್ಲ ಎಂಬ ಸೇವಾ ನಿಯಮದಲ್ಲಿ ಎಷ್ಟು ವಿವೇಕವಿದೆ!

ಇದರದೇ ದಾಯಾದಿ ‘ಡೆಡ್‌ಲೈನ್’. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, 1864ರಲ್ಲಿ, ಆಂಡರ್ಸನ್‌ವಿಲ್ ಎಂಬ ಸೆರೆ ಶಿಬಿರದಲ್ಲಿ ಒಂದು ಗಡಿ ಇತ್ತು. ದಾಟಿದ ಕೈದಿಗೆ ಗುಂಡು. ಮುಂದೆ ಅದೇ ಪದ ಪತ್ರಿಕಾ ಕಚೇರಿಗೆ ಬಂದು ಉಪಸಂಪಾದಕರನ್ನು ಹೆದರಿಸತೊಡಗಿತು. ತಿಕೋಟಾದಲ್ಲಿ ಲೈನ್ ‘ಡೆಡ್’ ಇದೆ ಎಂದರೆ ಒಬ್ಬ ಮನುಷ್ಯ ಕಂಬದ ಮೇಲೆ ಸುರಕ್ಷಿತ. ಮೂರು ಅರ್ಥಗಳಲ್ಲಿ ಯಾವುದು ಸುಸಂಸ್ಕೃತ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಈಗ ರೈತನ ಲೈನು, ಈ ಮೀಮಾಂಸೆಯ ಗರ್ಭಗುಡಿ. ನಗರದವರು ‘ಕರೆಂಟ್ ಹೋತು’ ಎನ್ನುತ್ತಾರೆ, ಹೊಲದಲ್ಲಿ ಅದು ‘ಲೈನ್ ಹೋತು’. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀ ಫೇಜ್ ಕೊಡುವುದು ಸರ್ಕಾರದ ಮಾತು. ಯಾವ 7 ತಾಸು ಎಂಬುದರಲ್ಲಿ ಇಡೀ ಅಧ್ಯಾತ್ಮ ಅಡಗಿದೆ. ನಡುರಾತ್ರಿ ತೋಟದ ಮನೆಯಲ್ಲಿ ಬಲ್ಬು ಉರಿಯುತ್ತಿರುತ್ತದೆ, ಮೋಟಾರು ಮಾತ್ರ ತಿರುಗುವುದಿಲ್ಲ. ಸಿಂಗಲ್ ಫೇಜ್ ಇದೆ, ತ್ರೀ ಫೇಜ್ ಇಲ್ಲ. ‘ಲೈನ್ ಐತೇನಪಾ?’ ಎಂದು ಪಕ್ಕದ ಹೊಲದವ ಕೂಗಿ ಕೇಳಿದರೆ ‘ಐತಿ, ಖರೇ ಇಲ್ಲ’ ಎಂಬ ಉತ್ತರ ಬರುತ್ತದೆ. ಜೈನ ತಾರ್ಕಿಕರು ಸ್ಯಾದಸ್ತಿ, ಸ್ಯಾನ್ನಾಸ್ತಿ ಎಂದು ಗ್ರಂಥಗಟ್ಟಲೆ ಬರೆದದ್ದನ್ನು ಬಬಲೇಶ್ವರದ ಕಡೆಯ ರೈತ ಮೂರು ಪದದಲ್ಲಿ ಮುಗಿಸುತ್ತಾನೆ. ಮಲಗಿದ್ದಾಗ ಲೈನ್ ಬಂದರೆ ತಾನೇ ಮೋಟಾರು ಚಾಲೂ ಮಾಡಲಿ ಎಂದು ಆಟೋ ಸ್ಟಾರ್ಟರ್ ಕೂರಿಸುತ್ತಾರೆ. ಆದರೂ ನಿದ್ದೆ ಬರುವುದಿಲ್ಲ, ಲೈನ್ ಬಂತೋ ಇಲ್ಲೋ ಎಂದು ನೋಡಬೇಕಲ್ಲ.

ಲೈನ್ ಬಂದರೆ ನೀರು ಇನ್ನೊಂದು ಲೈನಿಗೆ ಇಳಿಯುತ್ತದೆ: ಮೇನ್ ಲೈನ್, ಸಬ್ ಲೈನ್, ಅಲ್ಲಿಂದ ಡ್ರಿಪ್ ಲೈನ್. ಅದು ಹರಡಿಕೊಂಡಿರುವುದು ದ್ರಾಕ್ಷಿ ಪಡದ ಲೈನುಗಳ ಬುಡದಲ್ಲಿ. ಏಪ್ರಿಲ್‌ದೊಂದು ಚಾಟ್ನಿ (ಬಳ್ಳಿ ಸವರುವಿಕೆ), ಅಕ್ಟೋಬರ್‌ದೊಂದು ಚಾಟ್ನಿ. ಆಗ ಕೂಲಿಯವರ ಕೆಲಸದ ಅಳತೆಯೂ ಲೈನೇ, ‘ಎಷ್ಟ್ ಲೈನ್ ಆತು?’ ಥಾಮ್ಸನ್ ಸೀಡ್‌ಲೆಸ್ ಕಾಯಿ ಮಾಗಿದ ಮೇಲೆ ಗೊಂಚಲನ್ನು ಪೊಟ್ಯಾಷಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಶೆಡ್ಡಿನ ಜಾಳಿಗೆಯ ಮೇಲೆ ಹರವುತ್ತಾರೆ. ಸುಮಾರು 4 ಕಿಲೊ ಹಸಿ ಕಾಯಿಗೆ 1 ಕಿಲೊ ಒಣದ್ರಾಕ್ಷಿ. ಅದು ತಾಸಗಾಂವ್, ಸಾಂಗ್ಲಿಯ ಸವಾಲಿಗೆ ಹೋಗುವ ಲಾರಿ ಮತ್ತೆ ‘ಲೈನ್ ಮ್ಯಾಲ’. ಬರಗಾಲದಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡವರು ಈ ಭಾಗದ ರೈತರು. ಈಗ ತುಬಚಿ–ಬಬಲೇಶ್ವರ ಏತ ನೀರಾವರಿಯ ದೊಡ್ಡ ಪೈಪುಗಳಲ್ಲಿ ಕೃಷ್ಣೆ ಏರಿ ಬರುತ್ತಾಳೆ. ಆ ಪೈಪ್‌ಲೈನಿನ ಪಂಪಿಗೂ ಮೊದಲು ಲೈನ್ ಬೇಕು ಎಂಬಲ್ಲಿ ಶಾಸ್ತ್ರ ಒಂದು ಸುತ್ತು ಬಂತು.

ಸಣ್ಣಪುಟ್ಟ ಅರ್ಥಗಳನ್ನು ಬೇಗ ಮುಗಿಸಬಹುದು. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ ‘ಯಾವ ಲೈನ್ ಹಿಡದಿ?’ ಎಂದು ಕೇಳುತ್ತಾರೆ. ಸೈನ್ಸ್ ಎಂದರೆ ಭುಜ ತಟ್ಟುತ್ತಾರೆ, ಆರ್ಟ್ಸ್ ಎಂದರೆ ‘ಇರ್ಲಿ ಬಿಡು’ ಎನ್ನುತ್ತಾರೆ. ಮುಂದೆ ಸ್ಪರ್ಧಾ ಪರೀಕ್ಷೆಗೆಂದು ಧಾರವಾಡಕ್ಕೆ ಹೋದವನಿಗೆ ಅಲ್ಲಿ ಲೈನ್ ಬಜಾರ್ ಸಿಗುತ್ತದೆ, ಪೇಢಾ ಕೊಳ್ಳಲು ಅಲ್ಲೂ ಲೈನ್. ‘ಲೈನ್ ಗೀನ್’ ಎಂಬ ಜೋಡುನುಡಿಯಲ್ಲಿ ‘ಗೀನ್’ ಏನೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ಉಳಿದದ್ದು ದೂರವಾಣಿಯ ಲೈನು. ಟ್ರಂಕ್ ಕಾಲ್ ಕಾಲದಲ್ಲಿ ‘ಲೈನ್ ಹಿಡಕೊಂಡಿರು’ ಎಂದರೆ ಕೈಯಲ್ಲಿ ನಿಜಕ್ಕೂ ಏನೋ ಇರುತ್ತಿತ್ತು. ತಂತಿ ಹೋಗಿ ಮೊಬೈಲ್ ಬಂದ ಮೇಲೂ ‘ಲೈನ್ ಕಟ್ ಆತು’ ಎನ್ನುವುದು ನಿಂತಿಲ್ಲ. ಲೈನಿಲ್ಲದ ಫೋನಿನಲ್ಲೂ ಅಗ್ರಪಟ್ಟ ವಿಜಯಪುರದ್ದೇ. 1656ರಲ್ಲಿ ಮುಗಿದ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದು ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಆಡಿದ ಮಾತು ಸುಮಾರು 37 ಮೀಟರ್ ಆಚೆಯ ಗೋಡೆಯಲ್ಲಿ ಕೇಳುತ್ತದೆ. ಅಲ್ಲಿ ಎಂದೂ ಲೈನ್ ಬಿಜಿ ಬರುವುದಿಲ್ಲ, ಎಲ್ಲರೂ ಒಟ್ಟಿಗೇ ಕಿರುಚುವುದರಿಂದ ಯಾರ ಮಾತೂ ಕೇಳುವುದಿಲ್ಲ, ಅಷ್ಟೆ. ಅದರ ಮೇಲೆ ಹತ್ತಲು ಟಿಕೆಟ್ ಬೇಕು, ಟಿಕೆಟಿಗೆ ಲೈನ್.

ಈ ಪ್ರಬಂಧವನ್ನು ಓದುವಾಗ ಲೈನ್ ಹೋದರೆ 1912ಕ್ಕೆ ಫೋನ್ ಮಾಡಬಹುದು, ಲೈನ್ ಸಿಕ್ಕರೆ.